ತಲಿದೆಸಿ

ವಾಸ್ಕೋ ಬಂದರದ ಮ್ಯಾಗಿನ ಗುಡ್ಡದಾಗ
ನಮ್ಮ ಓಣಿಗೆ ಹೆಸರಿಲ್ಲ, ಮನಿಗೆ ನಂಬರಿಲ್ಲ.
ಇಬ್ಬರು ಎದುರಾದ್ರ ಒಬ್ಬಾಂವ ಗ್ವಾಡಿಗೆ ಹತ್ತಿ ನಿಲ್ಲಬೇಕು,
ಅಷ್ಟು ಅಗಲ.

ಪುನರ್ವಸು ಮಳಿ. ರಾತ್ರಿ ಎರಡೂವರಿ.
ಗುಡ್ಡ ಸಪ್ಪಳ ಮಾಡಿ ಬರತೈತಿ ಅಂದುಕೊಂಡಿದ್ದೆ.
ಇಲ್ಲ. ಒಂದ ಸಲ ಕೆಮ್ಮಿದಂಗಾತು.
ಮೂರು ಮನಿ ಇರಲಿಲ್ಲ.

ಫೋನ್ ಹತ್ತಿತು. ಆ ಕಡೆ ಹುಡುಗಿ ಕೊಂಕಣ್ಯಾಗ,
ಆಮ್ಯಾಲೆ ಹಿಂದ್ಯಾಗ ಕೇಳಿದಳು: ಪತ್ತಾ?
ಹುಸೇನಬಿ ಅಂಗಡಿ ಹಿಂದ, ಮೂರು ನೀರಿನ ಟಾಕಿ ದಾಟಿ,
ಮುರದ ಮೆಟ್ಟಲದ ಮ್ಯಾಲೆ...
ಪಾಪ, ಎಲ್ಲಾ ಬರಕೊಂಡಳು.
ಗಾಡಿ ಬಂತು ಖರೇ. ಡಾಂಬರು ಮುಗಿಯೂ ಕಡೆ ನಿಂತು
ಅದರ ಕೆಂಪ ಬೆಳಕು ನಮ್ಮ ತಗಡಿನ ಮ್ಯಾಲೆ
ಬಂದು ಬಂದು ಹೋಗತಿತ್ತು.

ನಾವು ಗೌಂಡಿ ಮಂದಿ. ಸಲಿಕಿ, ಪುಟ್ಟಿ, ಹಾರಿ ಮನ್ಯಾಗ ಇರತಾವ.
ಎಲ್ಲಿ ಅಗೀಬೇಕು? ಮಣ್ಣಿಗೆ ಬಾಗಲಾ ಇಲ್ಲ.
ಆಗ ಗಿರಿಮಲ್ಲವ್ವ ಚೀರಿದಳು:
"ದುರುಗಪ್ಪನ ತಲಿದೆಸಿ ಮೂಡಲಕ್ಕ!
ಹಿಂದಿನ ಗ್ವಾಡಿ ಸೋರತೈತಂತ
ಕೂಸಿನ್ನ ಒಲಿ ಕಡೆ ಮಲಗಸ್ತಾರ!"
ಆಕಿಗೆ ಹ್ಯಾಂಗ ಗೊತ್ತು?
ಅದ ಸೋರೂ ಗ್ವಾಡಿ ಸಲುವಾಗಿ ಮೊನ್ನೆ
ಅವರ ಕೂಡ ಜಗಳಾ ತಗದಿದ್ದಳು.

ಹಾರಿ ಬ್ಯಾಡ, ಕೈಲೆ, ಅಂದ ಹುಸೇನಬಿ ಮಗ ಖಾಜಾ.
ಒಲಿ ಕಡೆ ಅಗದಿವಿ.
ಕೂಸು ಸಿಕ್ಕಿತು, ಬಾಯಿತುಂಬ ಮಣ್ಣು,
ಉಗುಳಿ ಸಿಟ್ಟಿಲೆ ಅತ್ತಿತು.
ದುರುಗಪ್ಪ ಸಿಕ್ಕ, ಅವನ ಹೇಣತಿ ಸಿಕ್ಕಳು.
ನಡುವಿನ ಮನಿಯವರು ಪುಣ್ಯಾಕ ಲಗ್ನಕ್ಕ ಹೋಗಿದ್ದರು.
ಮೂರನೇದ್ರಾಗ ಹೊಸಾ ಹುಡುಗರಿಬ್ಬರು,
ಝಾರ್ಖಂಡದವರಂತ, ಬಂದು ಎಂಟು ದಿನ.
ಅವರ ತಲಿದೆಸಿ ಯಾರಿಗೂ ಗೊತ್ತಿರಲಿಲ್ಲ.
ಬೆಳಕು ಹರಿಯೂತನಾ
ಎಲ್ಲಾ ಕಡೆ ಅಗದಿವಿ.

ಈಗ ಹುಸೇನಬಿ ಅಂಗಡ್ಯಾಗ, ಬಿಸ್ಕೀಟಿನ ಡಬ್ಬಿ ಪಕ್ಕ,
ಹಗ್ಗ ಐತಿ, ಎರಡು ಬ್ಯಾಟರಿ, ಒಂದು ಸೀಟಿ.
ಫಾಯರ್ ಬ್ರಿಗೇಡಿನವ ಒಂದ ಐತವಾರ ಬಂದು
ಮುರದ ಕಾಲಿಗೆ ಪಟ್ಟಿ ಕಟ್ಟೂದು ಕಲಿಸಿದ,
ನನ್ನ ಕಾಲಿಗೇ ಕಟ್ಟಿ, ಬಿಚ್ಚೂದು ಮರತು
ಚಾ ಕುಡಿಯಾಕ ಹೋದ. ಬಿದ್ದು ಬಿದ್ದು ನಕ್ಕರು ಎಲ್ಲಾರೂ.
ಉದ್ರಿ ವಹಿಯ ಹಿಂದಿನ ಹಾಳಿಯೊಳಗ
ಗಿರಿಮಲ್ಲವ್ವ ಹೇಳತಾಳ, ಮೊಮ್ಮಗಳು ಬರೀತಾಳ:
ಯಾರ ಕಿವಿ ಮಂದ, ಯಾರು ಬಸರಿ,
ಯಾರದು ರಾತ್ರಿಪಾಳಿ.

ಹೊಸಾ ಬಾಡಿಗಿದಾರರು ಬಂದ್ರ
ಊರು, ಜಾತಿ ಆಮ್ಯಾಲೆ ಕೇಳತಾಳ, ಬಿಡೂದಿಲ್ಲ.
ಮೊದಲ ಚಾ ಕೊಟ್ಟು,
ಅವರು ಇನ್ನೂ ಗಂಟು ಇಳಿಸಿರೂದಿಲ್ಲ,
"ತಮ್ಮಾ, ತಲಿ ಯಾವ ಕಡೆ ಹಾಕ್ತೀ?"