ಲೆಡನ್

ಹಲ್ ಊರಿನ ಆಸ್ಪತ್ರೆ. ಎಕ್ಸ್‌ರೇ ಕೋಣೆ.
ಕಿಟಕಿಯಾಚೆ ನೋಡಿ ಮೊಯ್ರಾ ಅಂದಳು,
ಲೆಡನ್ ಸ್ಕೈ.
ಸೀಸದ ಬಾನು. ಸರಿ, ಬಣ್ಣ ಹೊಂದಿತು.

ಹತ್ತಕ್ಕೆ ಬಂದ ಮುದುಕ ಆಗ್ಡನ್,
ಚರ್ಚಿನ ಮಾಡಿಗೆ ಸೀಸದ ತಗಡು ಬಡಿದು ಬಡಿದು
ಮಂಡಿ ಸವೆದವನು.
ಕಾಲೂ ಲೆಡನ್ನಂತೆ.
ಪಾದ್ರಿಯ ಪ್ರವಚನ? ಅದಂತೂ ಅಪ್ಪಟ ಲೆಡನ್,
ಹೇಳಿ ತಾನೇ ನಕ್ಕ, ಕೆಮ್ಮಿದ.

ನಮ್ಮ ಕಡೆ ಸೀಸ ಇಷ್ಟು ಮಂಕಲ್ಲ ತಾತ.
ಕಾಯಿಸಿ ಕಿವಿಗೆ ಹುಯ್ಯುವಂಥದು,
ಇಲ್ಲವೇ ಕಡ್ಡಿಯೊಳಗೆ ಕೂತು
ಕಾಗುಣಿತ ತಪ್ಪು ಬರೆಯುವಂಥದು.
ಅಂದುಕೊಂಡೆ, ಅನ್ನಲಿಲ್ಲ.

ಅಲುಗಬೇಡಿ. ಉಸಿರು ಹಿಡಿಯಿರಿ.

ಗಾಜಿನಾಚೆ ಅವನ ಮಂಡಿ.
ಈಚೆ, ಸೀಸ ಹೊದ್ದ ಗೋಡೆಗೆ ಬೆನ್ನು ಒತ್ತಿ
ನಾನು,
ಮತ್ತೆ ಮೊಯ್ರಾಗೂ ಇನ್ನೂ ಹೇಳದ
ಏಳು ವಾರ.