ಖಾಲಿ ಬಿದ್ದ ಎರಡು ಮನೆ

ಸಾಂತಿಯಾಗೋ ಬಂದರಿನ ಹಿಂದೆ,
ಬೆನಿಗ್ನೋನ ಕ್ಷೌರದಂಗಡಿಯ ಅಟ್ಟದಲ್ಲಿ
ರೇಡಿಯೋ ಹಾಡುತ್ತಿದ್ದದ್ದು ಒಂದೇ ಸಲ.
ಮತ್ತೆ ಕೇಳಬೇಕೆಂದರೆ ಪ್ಲೇಟು ಕೊಳ್ಳಬೇಕು,
ಪ್ಲೇಟಿಗೆ ಒಂದು ವಾರದ ಊಟ ಬಿಡಬೇಕು.
ರಾತ್ರಿಯ ಕುಣಿತಕ್ಕೋ ಹೊಸ ಹಾಡೇ ಆಗಬೇಕು.
ಹಾಗಾಗಿ, ಕಿವಿ.

'ಮೇಲಿನ ದನಿ ಮೊದಲೇ ಬರೆಯಬೇಡ ನೆಲಿದಾ,
ಅದು ಚೆಲುವೆ, ತಾನಾಗಿ ನೆನಪಿರುತ್ತಾಳೆ.
ಕೆಳಗೆ ಯಾರು ನಡೆಯುತ್ತಿದ್ದಾರೆ, ಕೇಳು.
ಅವನ ಹೆಜ್ಜೆ ಸಿಕ್ಕರೆ ಅವಳ ಮನೆಯೂ ಸಿಕ್ಕೀತು.'
ಎರಡು ನಿಲುಗೆರೆಗಳ ನಡುವಿನ ಜಾಗಕ್ಕೆ
ಎವರಿಸ್ತೋ ಮನೆ ಎನ್ನುತ್ತಿದ್ದ.
ಊರಿಗೇ ಗೊತ್ತಿದ್ದ ಟ್ರಂಪೆಟ್ಟಿನವ;
ಮುಂದಿನ ಹಲ್ಲೆರಡು ಹೋದಮೇಲೆ
ಉಳಿದದ್ದು ಎರಡು ಕಿವಿ, ನಾನೊಬ್ಬಳು.

ಮೊದಲ ತಿಂಗಳು ನನ್ನ ಹಾಳೆ
ಅಜ್ಜಿ ಆರಿಸದೆ ಬಿಟ್ಟ ಕರಿಕಾಳಿನ ರಾಶಿ.
ಕಲ್ಲು ಯಾವುದು, ಸ್ವರ ಯಾವುದು
ಬೆರಳಿಟ್ಟು ಹೆಕ್ಕುತ್ತಿದ್ದ.
ಬೈಯುತ್ತಿರಲಿಲ್ಲ. ಅದೇ ಕಷ್ಟ.

ಆಮೇಲೆ ಗೇಟು ಕಿರುಗುಟ್ಟಿದರೂ
ಅದು ಯಾವ ಗೆರೆಯ ಮೇಲೆಂದು ಹುಡುಕುವಂತಾದೆ.
ಅಮ್ಮ ಕೂಗಿದರೆ ಮಾತು ಕೇಳಿಸದು,
ಏರಿಳಿತ ಮಾತ್ರ.
ಏಟು ಬಿದ್ದದ್ದು ಸರಿಯಾದ ತಾಳಕ್ಕೇ.

ಆಗಸ್ಟಿನ ಒಂದು ಸಂಜೆ, ಕಡಲಲ್ಲಿ ಬಿರುಗಾಳಿ,
ಮೆಕ್ಸಿಕೋದ ಹಾಡುಗಾರ್ತಿ ಅರ್ಧ ದಾರಿಗೆ ಬಂದಾಗ
ರೇಡಿಯೋಗೆ ಗೊರಲು.
ಗೊರಗೊರ, ಗೊರಗೊರ,
ಬಿಟ್ಟಾಗ ಅವಳು ಎರಡು ಮನೆ ದಾಟಿ ಮುಂದೆ.
ನನ್ನ ಪೆನ್ಸಿಲ್ ಹೊಸ್ತಿಲಲ್ಲೇ.
ಕೆಳಗಿನ ಬೀದಿಯಲ್ಲಿ ಸಾಣೆ ಹಿಡಿಯುವವ
ಸಣ್ಣ ಕೊಳಲೂದುತ್ತ ಹೋಗುತ್ತಿದ್ದ:
ಸರ್ರನೆ ಮೇಲೆ, ಸರ್ರನೆ ಕೆಳಗೆ.
ಅದನ್ನೇ ತುಂಬಿದೆ.
ಎವರಿಸ್ತೋ ಹಾಳೆ ನೋಡಿದ, ನನ್ನನ್ನು ನೋಡಿದ,
ಮಸಿಯಲ್ಲಿ ನಕಲು ಮಾಡತೊಡಗಿದ.

ಆ ರಾತ್ರಿ ಕುಣಿದವರು
ಆ ಎರಡು ಮನೆ ಬಂದಾಗಲೆಲ್ಲ
ಸರ್ರನೆ ತಿರುಗಿದರು.
ಮಾರನೆಯ ವರ್ಷಕ್ಕೆ ಮಕ್ಕಳ ಸಿಳ್ಳೆಯಲ್ಲೂ ಅದೇ.

ಪ್ಲೇಟು ನಮ್ಮ ಬೀದಿಗೆ ಬಂದದ್ದು
ಎವರಿಸ್ತೋನನ್ನು ಮಣ್ಣು ಮಾಡಿದ ಮೇಲೆ.
ಬೆನಿಗ್ನೋ ಮುಳ್ಳನ್ನಿಟ್ಟ.
ಉಸಿರು ಬಿಗಿಹಿಡಿದು ಎಣಿಸುತ್ತ ಹೋದೆ,
ನನ್ನ ಮನೆಗಳು ಬಂದವು.
ಅಲ್ಲಿ ಅವಳು ಹಾಡುತ್ತಲೇ ಇಲ್ಲ.
ವಾದ್ಯವೂ ಇಲ್ಲ.
ಒಂದು ಉಸಿರು ಒಳಗೆ ಹೋದ ಸದ್ದು, ಅಷ್ಟೆ.

ಸುಮ್ಮನಿರುವುದಕ್ಕೂ ಒಂದು ಗುರುತಿದೆ,
ಗೆರೆಗೆ ಜೋತುಬಿದ್ದ ಪುಟ್ಟ ಕಪ್ಪು ಪಟ್ಟಿ.
ಮೊದಲ ದಿನವೇ ಕಲಿಸಿದ್ದ.

'ಅಯ್ಯೋ, ಸವೆದ ಪ್ಲೇಟು,' ಎಂದ ಬೆನಿಗ್ನೋ,
'ಚಂದದ ಜಾಗವೇ ಹಾರಿಹೋಗಿದೆ ನೋಡು.'
ನಾನು ತಿದ್ದಲಿಲ್ಲ.
ಕನ್ನಡಿಯ ಮುಂದೆ ಅವನ ಕತ್ತಿ,
ಬೆಳಿಗ್ಗೆಯಷ್ಟೇ ಸಾಣೆ ಹಿಡಿಸಿದ್ದು,
ಬಿಸಿಲಿಗೆ ಹೊಳೆಯುತ್ತಿತ್ತು.