ಏಳು

ಕೆಲಸ ಮುಗಿಸಿ ಬಂದಾಗ ತಟ್ಟೆಯ ಕೊತ್ತಂಬರಿ
ಬೆಳಿಗ್ಗೆ ಇಟ್ಟ ಹಾಗೇ ಇತ್ತು.
ಬತ್ತಾಸು ಮೂಲೆಯಲ್ಲಿ ಮುದುಡಿ ಕೂತು
ಹಲ್ಲು ಕಡಿಯುತ್ತಿತ್ತು,
ಸೊಸೆಯ ಮೇಲೆ ಸಿಟ್ಟು ಬಂದ ಮುದುಕನ ಹಾಗೆ.

ಸಿಟ್ಟಲ್ಲ, ನೋವು, ಎಂದಳು ಪ್ರಾಣಿಗಳ ಡಾಕ್ಟರು,
ಎಕ್ಸ್‌ರೇ ಬೆಳಕಿಗೆ ಹಿಡಿದು.
ಅಂಗೈ ಅಗಲದ ಹೊಟ್ಟೆ,
ಅದರ ತುಂಬ ಗಾಳಿಯ ಕರಿಗುಳ್ಳೆ.
"ಅಡ್ಡ ಏನೂ ಸಿಕ್ಕಿಕೊಂಡಿಲ್ಲ. ಕರುಳು ಸುಮ್ಮನೆ ನಿಂತುಬಿಟ್ಟಿದೆ.
ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಗೊತ್ತಲ್ಲ?
ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು."
ಗೊತ್ತಿರಲಿಲ್ಲ.
ಎರಡು ವರ್ಷ ಒಂದೇ ಸೂರಿನಡಿ ಇದ್ದೂ.

ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಹಸಿರು ಗಂಜಿ.
ಬೆಳಗಿನ ಆರಕ್ಕೆ ಮತ್ತೆ ಔಷಧಿ.
ಒಣಹುಲ್ಲು ಎದುರಿಗೇ ಇರಲಿ. ಬೆಚ್ಚಗಿಡಿ.
ಹಿಕ್ಕೆ ಬಿದ್ದರೆ ಗೆದ್ದಿರಿ.
ಡಾಕ್ಟರು ಹೇಳಿದ ಪದ ಬೇರೆ.
ನನ್ನ ಬಾಯಿಗೆ ಬಂದದ್ದು ಹಿಕ್ಕೆ,
ಶೆಫೀಲ್ಡಿನಲ್ಲಿ ಹದಿನೇಳು ವರ್ಷ
ಒಮ್ಮೆಯೂ ಬೇಕಾಗದ ಪದ,
ಆಡಿನ ಕೊಟ್ಟಿಗೆಯ ವಾಸನೆ ಸಮೇತ ಬಂತು.

ವಾಕ್ಲಿಯ ಏರಿನಲ್ಲಿ ಮನೆ. ಹೊರಗೆ
ಕಾರಿನ ಗಾಜುಗಳೆಲ್ಲ ಹೆಪ್ಪುಗಟ್ಟಿ ಬೆಳ್ಳಗಾಗಿವೆ.
ಟವೆಲಿನಲ್ಲಿ ಸುತ್ತಿ, ತೊಡೆಯ ಸಂದಿಯಲ್ಲಿ ಕೂರಿಸಿ,
ಮುಂಬಲ್ಲಿನ ಹಿಂದಿನ ಖಾಲಿ ಜಾಗ ತಡಕಿ
ಒಂದೊಂದೇ ಹನಿ.
ಅರ್ಧ ಅದರ ಗಂಟಲಿಗೆ, ಅರ್ಧ ನನ್ನ ತೋಳಿಗೆ.
ಇಂಗು ತೇದು ಹೊಕ್ಕುಳ ಸುತ್ತ ಹಚ್ಚೋಣವೆಂದರೆ
ಈ ತುಪ್ಪಳದಲ್ಲಿ ಹೊಕ್ಕುಳ ಯಾವ ಕಡೆ?
ಏಳು, ಎಂದೆ. ಏಳೋ ಮಾರಾಯ.

ಎಂಟಕ್ಕೆ ಇಂಪನ ಫೋನು ಮಾಡಿದ್ದಳು.
"ಬತ್ತಾಸು ಊಟ ಮಾಡ್ತಾ ಅಪ್ಪ?"
ಮಾಡ್ತು, ಎಂದೆ.
ಅದನ್ನು ಕಕ್ಕಲು ನನಗೂ ಬರಲಿಲ್ಲ.

ಈ ವಾರ ಅವಳು ಅಮ್ಮನ ಬಳಿ, ಲೀಡ್ಸಿನಲ್ಲಿ.
ಆ ಫ್ಲ್ಯಾಟಿನಲ್ಲಿ ಪ್ರಾಣಿ ಸಾಕುವಂತಿಲ್ಲ,
ಹಾಗಾಗಿ ಮೊಲ ನನ್ನ ಪಾಲಿಗೆ ಬಂತು,
ಕುಕ್ಕರು, ಮಂಚ, ಮಡಚುವ ಕುರ್ಚಿಗಳ ಕೆಳಗೆ
ಪಟ್ಟಿಯ ಕೊನೆಯ ಸಾಲಾಗಿ.
ಹಿಡಿದ ಮೊಲಕ್ಕೆ ಮೂರೇ ಕಾಲೆಂದು
ವಕೀಲರ ಮುಂದೆ ಕೂತು ಸಾಧಿಸಿದವರು ನಾವಿಬ್ಬರು.
ನಿಜದ ಮೊಲವನ್ನು ಅಲ್ಲಿಯವರೆಗೆ
ನಾನು ಒಮ್ಮೆಯೂ ಹಿಡಿದಿರಲಿಲ್ಲ.
ಈಗ ಹೊಟ್ಟೆ ನೀವುತ್ತ ನೋಡುತ್ತೇನೆ:
ಮುಂದಿನವು ಚಿಕ್ಕವು, ಎದೆಗೆ ಮಡಚಿಕೊಂಡಿವೆ.
ಹಿಂದಿನವು ಒದೆಯುವುದನ್ನು ಮರೆತು ಜೋತಿವೆ.

ಹನ್ನೆರಡು. ಮೂರು.
ಹೊಟ್ಟೆಗೆ ಕಿವಿಯಿಟ್ಟರೆ
ಬಾಗಿಲೆಳೆದ ಅಂಗಡಿ.
ಎದೆ ಮಾತ್ರ ಅದರ ಪಾಡಿಗೆ ಓಡುತ್ತಿದೆ,
ಎಲ್ಲಿಗೋ, ನನ್ನನ್ನು ಬಿಟ್ಟು.

ದೂರದಲ್ಲೊಂದು ಗುಡುಗುಡು.
ಮೊದಲ ಬಸ್ಸು ಏರು ಹತ್ತುತ್ತಿದೆಯೆಂದುಕೊಂಡೆ.
ಬಸ್ಸಲ್ಲ.
ನನ್ನ ಅಂಗೈ ಕೆಳಗೆ.

ಐದು ಹತ್ತಕ್ಕೆ ಟವೆಲಿನ ಮೇಲೆ
ಕಾಳುಮೆಣಸಿನಷ್ಟು, ಒಂದು.
ಉಸಿರು ಬಿಡದೆ ಕಾದೆ. ಇನ್ನೊಂದು.
ಆಮೇಲೆ ಮೂರು, ಕೂದಲೆಳೆಗೆ ಪೋಣಿಸಿದ ಹಾಗೆ,
ಮತ್ತೆರಡು ಟವೆಲಿನಿಂದುರುಳಿ ಸೋಫಾದಡಿಗೆ.
ಮೊಬೈಲಿನ ಬೆಳಕಲ್ಲಿ ಮಂಡಿಯೂರಿ ಹುಡುಕಿದೆ.
ಬಿಳಿ ಕಾಗದದ ಮೇಲೆ ಸಾಲಾಗಿಟ್ಟು ಫೋಟೋ ತೆಗೆದು
ವಾರುಣಿಗೆ ಕಳಿಸಿದೆ.
ದುಡ್ಡು, ಗಂಟೆ, ಶಾಲೆಯ ಬ್ಯಾಗು ಬಿಟ್ಟು
ಬೇರೇನೂ ಬರೆಯದೆ ವರ್ಷದ ಮೇಲಾಗಿತ್ತು.

ಇಷ್ಟು ಹೊತ್ತಿಗೆ ಎದ್ದಿರುತ್ತಾಳೆಂದು ಯಾರಿಗೆ ಗೊತ್ತು.
"ಎಷ್ಟು?"
"ಏಳು."
"ಗಟ್ಟಿಯೋ, ಮೆತ್ತಗೋ?"

ಇಂಪನ ಹುಟ್ಟಿದ ಹೊಸದರಲ್ಲಿ
ಸರಿರಾತ್ರಿ ನಾವು ಆಡಿದ ಮಾತೆಲ್ಲ ಇದೇ,
ಯಾವ ಬಣ್ಣ, ಎಷ್ಟು ಸಲ,
ದೀಪ ಹಾಕು, ಸರಿಯಾಗಿ ನೋಡೋಣ.

ಗಟ್ಟಿ, ಎಂದು ಬರೆದೆ.
ಆಮೇಲೆ ಅವಳೂ ಬರೆಯಲಿಲ್ಲ, ನಾನೂ.

ಆರಕ್ಕೆ ಔಷಧಿ.
ಸಿರಿಂಜು ಕಂಡದ್ದೇ ತಡ, ಟವೆಲು ಕೊಡವಿ
ಒದ್ದಿತು ನೋಡಿ,
ಮುಂಗೈ ಮೇಲೆ ಎರಡು ಕೆಂಪು ಗೀರು,
ಎರಡೂ ಕಾಲಿನವು.